ಮಿಲಿತ್ಸಿಯಾ ಅಂದವಳು

ಕೋರ್ಟಿನಲ್ಲಿ ನಾನು ‘ನಾನು’ ಅಂದರೆ ಅದು ನಾನಲ್ಲ. ದುಭಾಷಿ ಕೆಲಸದ ಮೊದಲ ಪಾಠ ಇದು. ಸಾಕ್ಷಿ ರಷ್ಯನ್ ಭಾಷೆಯಲ್ಲಿ ‘ನನ್ನ ತಮ್ಮನನ್ನು ಹೊಡೆದರು’ ಅಂದರೆ ನಾನೂ ಇಂಗ್ಲಿಷಿನಲ್ಲಿ ‘ನನ್ನ ತಮ್ಮನನ್ನು ಹೊಡೆದರು’ ಅನ್ನಬೇಕು. ‘ಈಕೆಯ ತಮ್ಮನನ್ನು ಹೊಡೆದರಂತೆ’ ಅನ್ನುವಂತಿಲ್ಲ. ನನ್ನ ಸ್ವಂತದ ಮಾತೇನಾದರೂ ಇದ್ದರೆ ನನ್ನನ್ನೇ ಮೂರನೆಯವಳಾಗಿ ಮಾಡಿಕೊಂಡು ‘ದುಭಾಷಿಗೆ ಕೇಳಿಸಲಿಲ್ಲ’, ‘ದುಭಾಷಿಗೆ ನೀರು ಬೇಕು’ ಅನ್ನಬೇಕು. ಟೆಕ್ಸಸ್‌ನಲ್ಲಿ ಈ ಕೆಲಸ ಮಾಡಿದಷ್ಟು ಕಾಲ ನಾನು ಮನೆ ಸುಟ್ಟುಕೊಂಡಿದ್ದೇನೆ, ಜೈಲಿಗೆ ಹೋಗಿದ್ದೇನೆ, ಗಂಡನ ಕೈಲಿ ಒದೆ ತಿಂದಿದ್ದೇನೆ, ಎಲ್ಲವೂ ಬೇರೆಯವರ ಬಾಯಿಂದ. ಸಂಜೆ ಮನೆಗೆ ಬಂದು ಹುಳಿ ಕುದಿಸಿದ್ದೇನೆ.

ನಮ್ಮ ಕನ್ನಡದವರಿಗೆ ನನ್ನ ಕೆಲಸ ಅಂದರೆ ತಮಾಷೆ. ಪ್ಲೇನೋದಲ್ಲಿ ಯಾರದೋ ಮನೆಯ ಸತ್ಯನಾರಾಯಣ ಪೂಜೆಯಲ್ಲಿ ಒಬ್ಬರು ಆಂಟಿ ಸಪಾದ ಭಕ್ಷ್ಯ ಬಾಯಲ್ಲಿಟ್ಟುಕೊಂಡೇ ಕೇಳಿದ್ದರು, “ಅಲ್ಲಾ ಕಣ್ರೀ, ಹಿಂದಿ ಬಿಟ್ರು, ತೆಲುಗು ಬಿಟ್ರು, ಹೋಗಿ ಹೋಗಿ ರಷ್ಯನ್ನಾ? ನೀವೇನ್ ಸ್ಪೈನಾ?” ದಾವಣಗೆರೆಯಿಂದ ಸ್ಕಾಲರ್‌ಶಿಪ್ ಮೇಲೆ ಸೋವಿಯತ್ ಒಕ್ಕೂಟದ ಒಂದು ಮೂಲೆಗೆ ಓದಲು ಹೋದವಳು, ಆ ಮೂಲೆ ಬೇರೆ ದೇಶವಾದ ಮೇಲೂ ಕೆಲವು ವರ್ಷ ಅಲ್ಲೇ ಇದ್ದವಳು ನಾನು. ಆ ದೇಶದ ಹೆಸರು ಇಲ್ಲಿ ಬರೆಯುವುದಿಲ್ಲ. ಬಾಯಿ ಬಿಡುವುದಿಲ್ಲ ಅಂತ ಬಲಗೈ ಎತ್ತಿ ಪ್ರಮಾಣ ಮಾಡಿದ್ದೇನೆ. ಗುರುತು ಹತ್ತುವಂಥದ್ದನ್ನೆಲ್ಲ ಬದಲಾಯಿಸಿದ್ದೇನೆ. ಬದಲಾಯಿಸದೆ ಇಟ್ಟಿರುವುದು ಒಂದೇ ಒಂದು ಪದ.

ಎರಡು ಸಾವಿರದ ದಶಕದ ಮಧ್ಯದ ಮಾತು. ಡಲ್ಲಾಸಿನಲ್ಲಿ ದುಭಾಷಿಗಳನ್ನು ಒದಗಿಸುವ ಒಂದು ಏಜೆನ್ಸಿ ನನಗೆ ಕೆಲಸ ಕೊಡುತ್ತಿತ್ತು. ಅಲ್ಲಿಯ ಮೇಲ್ವಿಚಾರಕ ಫೋನ್ ಮಾಡಿ, ಹ್ಯೂಸ್ಟನ್‌ನಲ್ಲಿ ಒಂದು ಆಶ್ರಯದ ಅರ್ಜಿಯ ವಿಚಾರಣೆ ಇದೆ, ರಷ್ಯನ್ ಮಾತಾಡುವ ಹೆಂಗಸು, ಹೋಗುತ್ತೀಯಾ ಅಂದ. ದೇಶ ಯಾವುದು ಅಂತ ಕೇಳಿದೆ. ಹೇಳಿದ. ನಾನಿದ್ದ ದೇಶವೇ. ಒಪ್ಪಿಕೊಂಡೆ. ಸಾಕ್ಷಿಯ ಪರಿಚಯ ಇರಬಾರದು ಅನ್ನುವುದು ನಿಯಮ, ಅವಳ ದೇಶದ ಪರಿಚಯ ಇರಬಾರದು ಅಂತ ಯಾರೂ ಹೇಳಿಲ್ಲ.

ಪ್ರತಿ ವಿಚಾರಣೆಗೆ ಮುಂಚೆ ಬೇಕಾಗಬಹುದಾದ ಪದಗಳನ್ನು ಒಮ್ಮೆ ಬಾಯಿಗೆ ತಂದುಕೊಳ್ಳುವುದು ನನ್ನ ಅಭ್ಯಾಸ. ಆಶ್ರಯದ ಮೊಕದ್ದಮೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಬರುವ ಪದ ಪೊಲೀಸ್. ಡಲ್ಲಾಸಿನಿಂದ ಹ್ಯೂಸ್ಟನ್‌ಗೆ ನಾಲ್ಕು ಗಂಟೆ ಡ್ರೈವ್ ಮಾಡುವಾಗ ಅದನ್ನೇ ಜಪಿಸುತ್ತ ಹೋದೆ. ಪೋಲೆಂಡಿನವರು ಪೊಲಿತ್ಸ್ಯಾ ಅನ್ನುತ್ತಾರೆ, ಮುಂಚೆ ಅಲ್ಲಿ ಮಿಲಿತ್ಸ್ಯಾ ಇತ್ತು. ಹಂಗೇರಿಯವರದು ಸ್ಲಾವ್ ಭಾಷೆಯೇ ಅಲ್ಲ, ಅವರು ರೆಂಡೋರ್ ಅನ್ನುತ್ತಾರೆ, ಶಿಸ್ತು ಕಾಯುವವನು ಅಂತ. ಅರ್ಮೇನಿಯಾದವರದು ವೊಸ್ತಿಕಾನ್. ರಷ್ಯನ್ನರಲ್ಲಿ ಆಗ ಇನ್ನೂ ಮಿಲಿತ್ಸಿಯಾ. ಕ್ರಾಂತಿಯಾದಾಗ ಪೊಲೀಸ್ ಅಂದರೆ ರಾಜನ ಕಾಲದ ಹೊಲಸು ಹೆಸರು ಅಂತ ತೆಗೆದು, ಜನರೇ ಕಾವಲು ನಿಂತಿದ್ದಾರೆ ಅನ್ನುವ ಅರ್ಥ ಬರಲಿ ಅಂತ ಮಿಲಿತ್ಸಿಯಾ ಅಂದರು. ಎಪ್ಪತ್ತು ವರ್ಷದಲ್ಲಿ ಅದೂ ಹೊಲಸಾಯಿತು. ಒಕ್ಕೂಟ ಒಡೆದಾಗ ಕೆಲವು ದೇಶಗಳು ಮಿಲಿತ್ಸಿಯಾ ತೆಗೆದು ಮತ್ತೆ ಪೊಲೀಸ್ ಅಂತ ಬರೆಸಿದವು. ಹೆಸರಿಗೆ ಸ್ನಾನ ಮಾಡಿಸಿದ್ದೇ ಮಾಡಿಸಿದ್ದು.

ನಾನಿದ್ದ ಊರಿನ ಠಾಣೆಯ ಬೋರ್ಡು ಬದಲಾದ ದಿನ ನಾನು ಎದುರಿನ ಬ್ರೆಡ್ ಅಂಗಡಿಯ ಕ್ಯೂನಲ್ಲಿ ನಿಂತಿದ್ದೆ. ಪೇಂಟರ್ ಏಣಿ ಹತ್ತಿ ಹಳೆಯ ಅಕ್ಷರ ಕೆರೆಯುತ್ತಿದ್ದ. ಒಳಗಿನಿಂದ ಮಿಲಿತ್ಸಿಯಾ ಕಾಲದ ಅದೇ ದಪ್ಪ ಮೀಸೆಯ ಅಧಿಕಾರಿ ಬಂದು, ಬಣ್ಣ ಸೋರದ ಹಾಗೆ ನೋಡಿಕೋ ಅಂತ ಗದರಿ ಒಳಗೆ ಹೋದ. ಕ್ಯೂನಲ್ಲಿದ್ದ ಮುದುಕಿ ಪಿಚಕ್ಕನೆ ಉಗಿದಳು. ಆಮೇಲೆ ನಾನು ಅಲ್ಲಿದ್ದಷ್ಟು ಕಾಲವೂ ಜನ ಅವರನ್ನು ಮಿಲಿತ್ಸಿಯಾ ಅಂತಲೇ ಕರೆದರು. ನಮ್ಮಜ್ಜಿ ಸಾಯುವವರೆಗೂ ತಾಲ್ಲೂಕು ಕಚೇರಿಗೆ ಹೋಗುವುದನ್ನು ‘ಅಮಲ್ದಾರ್ರ ಹತ್ರ ಹೋಗೋದು’ ಅನ್ನುತ್ತಿದ್ದಳು. ಬಾಗಿಲ ಮೇಲೆ ತಹಸೀಲ್ದಾರ್ ಅಂತ ಬರೆದು ಎಷ್ಟೋ ಕಾಲವಾಗಿತ್ತು. ಇದೂ ಹಾಗೇ. ಆ ದೇಶದ ಹಳ್ಳಿಗಳಲ್ಲಿ ಇನ್ನೂ ಒಂದು ಕಾರಣ ಇತ್ತು. ಯುದ್ಧದ ಕಾಲದಲ್ಲಿ ಜರ್ಮನರ ಕಡೆ ಸೇರಿ ಊರವರ ಮೇಲೇ ಬಂದೂಕು ಎತ್ತಿದವರನ್ನು ಪೊಲಿತ್ಸಾಯ್ ಅನ್ನುತ್ತಿದ್ದರು. ಆ ಶಬ್ದದ ನೆಂಟಸ್ತಿಕೆ ಇರುವ ಹೆಸರನ್ನು ಬಾಯಿಗೆ ತಂದುಕೊಳ್ಳಲು ಹಳಬರ ಮನೆಗಳಲ್ಲಿ ಅಸಹ್ಯ.

ವಿಚಾರಣೆಯ ಕೋಣೆ ಚಿಕ್ಕದು. ಎತ್ತರದಲ್ಲಿ ನ್ಯಾಯಾಧೀಶರು, ಪಕ್ಕದಲ್ಲಿ ಧ್ವನಿ ಮುದ್ರಿಸುವ ಯಂತ್ರ, ಕೆಳಗೆ ಎರಡು ಮೇಜು. ಒಂದರಲ್ಲಿ ಸರ್ಕಾರಿ ವಕೀಲ, ಇನ್ನೊಂದರಲ್ಲಿ ಆಸ್ಟಿನ್‌ನಿಂದ ಬಂದಿದ್ದ ಧರ್ಮಾರ್ಥ ವಕೀಲ. ಎಳೆಯ ಹುಡುಗನ ಮುಖ, ಸ್ಪ್ಯಾನಿಷ್ ಚೆನ್ನಾಗಿ ಬರುತ್ತಿತ್ತಂತೆ, ರಷ್ಯನ್ ಒಂದಕ್ಷರ ಬರದು. ಅವನ ಪಕ್ಕದಲ್ಲಿ ನಲವತ್ತರ ಆಸುಪಾಸಿನ ಹೆಂಗಸು. ಕೂದಲನ್ನು ಬಿಗಿಯಾಗಿ ಹಿಂದಕ್ಕೆ ಕಟ್ಟಿದ್ದಳು. ಹೆಬ್ಬೆರಳಿನ ತುದಿಯಲ್ಲೆಲ್ಲ ಸೂಜಿ ಚುಚ್ಚಿದ ಕಲೆ.

ದುಭಾಷಿಯ ಮಾತು ಅರ್ಥವಾಗುತ್ತದೆಯೇ ಅಂತ ನ್ಯಾಯಾಧೀಶರು ಕೇಳಿದರು. ಆಗುತ್ತದೆ ಅಂದಳು. ಏನು ಕೆಲಸ ಮಾಡುತ್ತೀರಿ ಅಂತ ಅವಳ ವಕೀಲ ಕೇಳಿದ. “ಹಿಲ್‌ಕ್ರಾಫ್ಟ್ ರಸ್ತೆಯಲ್ಲಿ ಒಂದು ಸೀರೆ ಅಂಗಡಿಯಲ್ಲಿ ಇಂಡಿಯನ್ ಹೆಂಗಸರಿಗೆ ಬ್ಲೌಸ್ ಹೊಲಿಯುತ್ತೇನೆ,” ಅಂದಳು. ಅದನ್ನು ಇಂಗ್ಲಿಷಿಗೆ ದಾಟಿಸುವಾಗ ನನಗೆ ನಗು ಬಂತು, ತಡೆದುಕೊಂಡೆ. ‘ನಾನು ಇಂಡಿಯನ್ ಹೆಂಗಸರಿಗೆ ಬ್ಲೌಸ್ ಹೊಲಿಯುತ್ತೇನೆ’ ಅಂತ ನಾನೇ ಹೇಳಬೇಕಿತ್ತಲ್ಲ. ಆ ದಿನ ನಗು ಬಂದದ್ದು ಅದೊಂದೇ ಸಲ.

ಅವಳ ಕಥೆ ಇಷ್ಟು. ತಮ್ಮ ಮಿನಿಬಸ್ ಓಡಿಸುತ್ತಿದ್ದ. ಮಾಮೂಲಿ ಕೊಡಲಿಲ್ಲ ಅಂತ ಸಮವಸ್ತ್ರದವರಿಬ್ಬರು ಬಸ್‌ಸ್ಟ್ಯಾಂಡಿನಿಂದ ಎತ್ತಿಕೊಂಡು ಹೋದರು. ಮಾರನೆಯ ದಿನ ಆಸ್ಪತ್ರೆಯಲ್ಲಿ ಸಿಕ್ಕ. ಬದುಕಲಿಲ್ಲ. ಇವಳು ಮೇಲಿನವರಿಗೆ ದೂರು ಕೊಟ್ಟಳು. ಅದೇ ಇಬ್ಬರು ಮನೆಗೆ ಬಂದರು, ದೂರು ವಾಪಸು ತೆಗೆದುಕೋ ಅಂದರು. ತೆಗೆದುಕೊಳ್ಳಲಿಲ್ಲ. ಎರಡನೆಯ ಸಲ ಬಂದಾಗ ಇವಳ ಮಗಳು ಯಾವ ಶಾಲೆಗೆ ಹೋಗುತ್ತಾಳೆ ಅಂತ ವಿಚಾರಿಸಿಕೊಂಡು ಹೋದರು. ಗಂಡ ಎಂದೋ ಬಿಟ್ಟು ಹೋಗಿದ್ದ. ಮಗಳನ್ನು ಬೇರೆ ಊರಿನಲ್ಲಿದ್ದ ತನ್ನ ತಾಯಿಯ ಹತ್ತಿರ ಬಚ್ಚಿಟ್ಟು ಇವಳೊಬ್ಬಳೇ ಇಲ್ಲಿಗೆ ಬಂದಳು. ಆಶ್ರಯ ಸಿಕ್ಕರೆ ಮಗಳನ್ನೂ ಕರೆಸಿಕೊಳ್ಳಬಹುದು. ತಾಯಿಗೆ ಹೃದಯದ ಕಾಯಿಲೆ. ಅಜ್ಜಿ ಇರುವಷ್ಟರಲ್ಲಿ ಹುಡುಗಿ ಇಲ್ಲಿಗೆ ಬಂದು ಸೇರಬೇಕು. ಅವಳಿಗೆ ಬೇಕಾಗಿದ್ದುದು ಅದೊಂದೇ.

ಅವಳು ಪ್ರತಿ ಸಲ ಮಿಲಿತ್ಸಿಯಾ ಅಂದಾಗಲೂ ನಾನು ಪೊಲೀಸ್ ಅಂದೆ. ಸರಿಯಾದ ಅನುವಾದ ಅದೇ. ಆದರೆ ಸರ್ಕಾರಿ ವಕೀಲ ತಲೆ ಎತ್ತಿದ. ಅವನು ಹಿಂದೆ ಸೈನ್ಯದಲ್ಲಿದ್ದವನು, ಅಲ್ಲಿ ಒಂದಿಷ್ಟು ರಷ್ಯನ್ ಕಲಿತಿದ್ದ. ಅರೆಬರೆ ಕಲಿತವರ ಕಿವಿ ಬಹಳ ಚುರುಕು.

“ಸಾಕ್ಷಿ ಮಿಲಿತ್ಸಿಯಾ ಅನ್ನುತ್ತಿದ್ದಾರೆ. ದುಭಾಷಿ ಪೊಲೀಸ್ ಅನ್ನುತ್ತಿದ್ದಾರೆ. ಸಾಕ್ಷಿಯ ಪದವೇ ದಾಖಲಾಗಬೇಕು,” ಅಂದ.

ನ್ಯಾಯಾಧೀಶರು ನನ್ನ ಕಡೆ ತಿರುಗಿ, ಆ ಪದವನ್ನು ಹಾಗೇ ಇಡಿ ಅಂದರು. ಅವರ ತಪ್ಪೇನಿಲ್ಲ. ಅಲ್ಲಿಂದ ಮುಂದೆ ನಾನೂ ಮಿಲಿತ್ಸಿಯಾ ಅನ್ನತೊಡಗಿದೆ.

ಪಾಟೀಸವಾಲಿನಲ್ಲಿ ಅವನು ಒಂದು ವರದಿಯನ್ನು ಎತ್ತಿ ಹಿಡಿದ. ಆ ದೇಶದಲ್ಲಿ ಮಿಲಿತ್ಸಿಯಾ ರದ್ದಾಗಿ ಅದರ ಜಾಗದಲ್ಲಿ ಪೊಲೀಸ್ ಬಂದು ವರ್ಷಗಳಾಗಿವೆ ಅಂತ ಅದರಲ್ಲಿತ್ತು. ನಿಜವೇ.

“ನಿಮ್ಮ ತಮ್ಮನನ್ನು ಒಯ್ದದ್ದು ಯಾರು?”

“ಮಿಲಿತ್ಸಿಯಾ.”

“ಖಂಡಿತವಾಗಿ?”

“ಖಂಡಿತವಾಗಿ.”

“ನಿಮ್ಮ ಲಿಖಿತ ಹೇಳಿಕೆಯಲ್ಲಿ ಪೊಲೀಸ್ ಅಂತಿದೆ. ಯಾವುದು ನಿಜ?”

ಅವಳು ಕಕ್ಕಾಬಿಕ್ಕಿಯಾದಳು. “ಎರಡೂ ಒಂದೇ.”

“ಒಂದೇ ಅಲ್ಲ. ನೀವು ಹೇಳುವ ಸಮಯಕ್ಕೆ ಮಿಲಿತ್ಸಿಯಾ ಇರಲೇ ಇಲ್ಲ. ಇಲ್ಲದವರು ಬಂದು ನಿಮ್ಮ ತಮ್ಮನನ್ನು ಹೇಗೆ ಒಯ್ದರು?”

ಏನು ಕೇಳಿದನೋ ಅಷ್ಟನ್ನೇ ರಷ್ಯನ್‌ಗೆ ದಾಟಿಸಿದೆ. ಅವಳು ನನ್ನ ಮುಖ ನೋಡಿದಳು. ಈ ಹುಚ್ಚು ಪ್ರಶ್ನೆ ನನ್ನದೇ ಅನ್ನುವ ಹಾಗೆ.

ದುಭಾಷಿಗೆ ಒಂದೇ ಒಂದು ಕಿಟಕಿ ಇದೆ. ಪದದ ಬಗ್ಗೆ ಸ್ಪಷ್ಟನೆ ಕೊಡಲು ಅನುಮತಿ ಕೇಳಬಹುದು. ಕೇಳಿದೆ. “ದುಭಾಷಿಯು ಒಂದು ಪದವನ್ನು ಸ್ಪಷ್ಟಪಡಿಸಲು ಅನುಮತಿ ಕೋರುತ್ತಾಳೆ.” ಸರ್ಕಾರಿ ವಕೀಲ ಆಕ್ಷೇಪಿಸಿದ, ದುಭಾಷಿ ಸಾಕ್ಷಿಯಲ್ಲ ಅಂದ. ನ್ಯಾಯಾಧೀಶರು ಯೋಚಿಸಿ ಹೇಳಿದರು, “ಪದದ ಅರ್ಥ ಏನು ಅಂತ ಹೇಳಬಹುದು. ಸಾಕ್ಷಿಯ ಮನಸ್ಸಿನಲ್ಲಿ ಏನಿದೆ ಅಂತ ಹೇಳುವಂತಿಲ್ಲ. ಆ ದೇಶದ ವಿಚಾರವನ್ನೂ ಹೇಳುವಂತಿಲ್ಲ.”

ಅಷ್ಟು ಕಿರಿದಾದ ಜಾಗದಲ್ಲಿ ನಿಂತು ಹೇಳಿದೆ, “ಮಿಲಿತ್ಸಿಯಾ ಅನ್ನುವುದು ಆ ಪ್ರದೇಶದಲ್ಲಿ ಸರ್ಕಾರಿ ಪೊಲೀಸರ ಹಿಂದಿನ ಹೆಸರು.”

“ಹಿಂದಿನ ಹೆಸರು,” ಅಂದ ಸರ್ಕಾರಿ ವಕೀಲ. “ಥ್ಯಾಂಕ್ಸ್. ನನ್ನ ಮಾತೂ ಅದೇ.”

ನಾನು ಹೇಳಿದ್ದರಲ್ಲಿ ಸುಳ್ಳಿಲ್ಲ. ಅರ್ಧಕ್ಕೆ ನಿಲ್ಲಿಸಿದ ನಿಜ ಅಷ್ಟೆ. ಉಳಿದರ್ಧ ಹೇಳಲು ನನಗೆ ಬಾಯಿಲ್ಲ. ಅವಳ ವಕೀಲ ಸರಿಪಡಿಸಲು ಎದ್ದ, ಪಾಪ, ತೊಡಕು ಎಲ್ಲಿದೆ ಅಂತಲೇ ಅವನಿಗೆ ಗೊತ್ತಾಗಿರಲಿಲ್ಲ. “ಹಾಗಾದರೆ ಆ ದಿನ ಬಂದವರು ಮಿಲಿತ್ಸಿಯಾದವರೋ ಪೊಲೀಸರೋ, ಒಂದನ್ನು ಹೇಳಿ,” ಅಂದ. ಮುಳುಗುವವಳ ಮೇಲೆ ಕಲ್ಲು ಎತ್ತಿ ಹಾಕಿದ ಹಾಗೆ. ಅವಳು, “ಪೊಲಿತ್ಸಿಯಾ, ನಿಮಗೆ ಹಾಗೇ ಬೇಕಿದ್ದರೆ,” ಅಂದಳು. ನಾನು ಅದನ್ನು ‘ನಿಮಗೆ ಹಾಗೇ ಬೇಕಿದ್ದರೆ’ ಸಮೇತ ಇಂಗ್ಲಿಷಿಗೆ ದಾಟಿಸಬೇಕಾಯಿತು. ಸರ್ಕಾರಿ ವಕೀಲ ಬರೆದುಕೊಂಡ. ಆಶ್ರಯದ ಮೊಕದ್ದಮೆಯಲ್ಲಿ ಮಾತು ಬದಲಾಯಿಸಿದವಳು ಅನ್ನಿಸಿಕೊಂಡರೆ ಕಥೆ ಮುಗಿಯಿತು. ತಮ್ಮನ ಸಾವೂ ಸುಳ್ಳಾಗುತ್ತದೆ, ಮಗಳ ಭಯವೂ ಸುಳ್ಳಾಗುತ್ತದೆ.

ಊಟದ ಬಿಡುವು ಬಂತು. ಕಾರಿಡಾರಿನಲ್ಲಿ ದುಭಾಷಿ ಯಾವ ಪಕ್ಷದವರ ಜೊತೆಗೂ ನಿಲ್ಲಬಾರದು. ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದೆ. ಅವಳೇ ಬಂದಳು.

“ನೀವು ಅಲ್ಲಿದ್ದವರು. ನಿಮ್ಮ ರಷ್ಯನ್ ನಮ್ಮ ಕಡೆಯದು, ಕೇಳಿದ ಕೂಡಲೇ ಗೊತ್ತಾಯಿತು. ಅವರಿಗೆ ಹೇಳಿ,” ಅಂದಳು.

“ದುಭಾಷಿ ನಿಮ್ಮ ಜೊತೆ ಮಾತಾಡುವಂತಿಲ್ಲ,” ಅಂದೆ. ನಿಯಮ ಕೊಟ್ಟಿರುವ ವಾಕ್ಯ ಅದೊಂದೇ.

“ಬೋರ್ಡು ಬದಲಾಯಿಸಿದರು. ಕುರ್ಚಿ ಮೇಲೆ ಕೂತವನು ಅವನೇ. ನಾನು ಶಾಲೆಗೆ ಹೋಗುವಾಗಿಂದ ಅವನೇ. ನಿಮಗೆ ಗೊತ್ತಿದೆ,” ಅಂದಳು.

ನಾನು ಮತ್ತೆ ಅದೇ ವಾಕ್ಯ ಹೇಳಿದೆ. ಅವಳು ಹೊರಟು ಹೋದಳು.

ಮನೆಗೆ ಫೋನ್ ಮಾಡಿದೆ. ಹೆಸರು, ದೇಶ ಏನೂ ಹೇಳದೆ, ಹೀಗೊಂದು ಪೇಚು ಅಂದೆ. ನನ್ನ ಗಂಡ ರಿಚರ್ಡ್‌ಸನ್‌ನಲ್ಲಿ ಟೆಲಿಕಾಂ ಕಂಪನಿಯವನು. ಒಂದು ಸಲ ಲೇಆಫ್ ಆಗಿ ಹೆದರಿದ್ದ ಮನುಷ್ಯ. “ನೋಡು, ಬಾಯಿ ಮುಚ್ಕೊಂಡಿರಕ್ಕೇ ಅವ್ರು ನಿಂಗೆ ದುಡ್ಡು ಕೊಡೋದು. ಊರ ಉಸಾಬರಿ ನಿಂಗ್ಯಾಕೆ? ಮುಗಿಸ್ಕೊಂಡು ಬಾ,” ಅಂದ.

“ಬಾಯಿ ಮುಚ್ಕೊಂಡಿರಕ್ಕಲ್ಲ ಕಣೋ, ಬಾಯಿ ಬಿಡಕ್ಕೆ ದುಡ್ಡು ಕೊಡೋದು,” ಅಂದೆ.

“ಅದೂ ಬೇರೆಯವ್ರ ಬಾಯಿ ತಾನೆ?”

ಫೋನ್ ಇಟ್ಟೆ. ನನಗೆ ಇದ್ದ ದಾರಿ ಒಂದೇ. ದುಭಾಷಿಯ ಕುರ್ಚಿ ಬಿಟ್ಟು ಎದ್ದರೆ ನಾನು ಮತ್ತೆ ನಾನಾಗುತ್ತೇನೆ. ಕಂಡದ್ದನ್ನು ಹೇಳುವ ಸಾಕ್ಷಿಯಾಗಬಹುದು. ಬೋರ್ಡಿನ ವಿಚಾರ, ಮೀಸೆಯ ಅಧಿಕಾರಿಯ ವಿಚಾರ, ಕ್ಯೂನಲ್ಲಿ ಉಗಿದ ಮುದುಕಿಯ ವಿಚಾರ, ಎಲ್ಲ ಹೇಳಬಹುದು. ನಾನು ಹೇಳದಿದ್ದರೆ ಹ್ಯೂಸ್ಟನ್‌ನಲ್ಲಿ ಆ ದಿನ ಹೇಳುವವರು ಬೇರೆ ಯಾರೂ ಇರಲಿಲ್ಲ. ಅವಳು ಸೋಲುವುದನ್ನು ನನ್ನ ಬಾಯಿಂದಲೇ ಹೇಳಿ ಮನೆಗೆ ಹೋಗಿ ಅನ್ನಕ್ಕಿಡುವುದು ನನ್ನಿಂದ ಆಗದ ಮಾತು.

ಬಿಡುವು ಮುಗಿದು ಎಲ್ಲರೂ ಕೂತ ಮೇಲೆ ಎದ್ದು ನಿಂತೆ. “ಈ ಮೊಕದ್ದಮೆಯ ಒಂದು ಮುಖ್ಯ ಅಂಶದ ಬಗ್ಗೆ ದುಭಾಷಿಗೆ ಸ್ವಂತ ತಿಳಿವಳಿಕೆ ಇದೆ. ಆದ್ದರಿಂದ ದುಭಾಷಿಯಾಗಿ ಮುಂದುವರಿಯಲು ಆಕೆಗೆ ಸಾಧ್ಯವಿಲ್ಲ,” ಅಂದೆ. ಅದನ್ನೇ ರಷ್ಯನ್‌ನಲ್ಲೂ ಹೇಳಿದೆ. ಕೋಣೆಯಲ್ಲಿ ನಡೆದದ್ದೆಲ್ಲ ಅವಳಿಗೂ ಕೇಳಿಸಬೇಕಲ್ಲ.

ನ್ಯಾಯಾಧೀಶರು ಕನ್ನಡಕ ತೆಗೆದರು. “ನೀವು ಏನು ಕೇಳುತ್ತಿದ್ದೀರಿ ಅಂತ ನಿಮಗೆ ಗೊತ್ತಿದೆಯೇ? ಇವತ್ತು ಬೇರೆ ದುಭಾಷಿ ಇಲ್ಲ.”

“ಗೊತ್ತಿದೆ,” ಅಂದೆ. ಪೂರ್ತಿ ಗೊತ್ತಿರಲಿಲ್ಲ. ಒಂದು ವಾರವೋ ತಿಂಗಳೋ ಮುಂದಕ್ಕೆ ಹೋಗಬಹುದು ಅಂದುಕೊಂಡಿದ್ದೆ. ಅವರು ಗುಮಾಸ್ತೆಯ ಜೊತೆ ಪಿಸುಗುಟ್ಟಿ, ಪುಟ ಮಗುಚಿ, ಮತ್ತೆ ಮಗುಚಿ, ಮುಂದಿನ ವರ್ಷದ ಬೇಸಿಗೆ ಕಳೆದ ಮೇಲಿನ ಒಂದು ತಾರೀಖು ಹೇಳಿದರು. ಅದಕ್ಕಿಂತ ಮುಂಚೆ ಜಾಗವೇ ಇಲ್ಲವಂತೆ.

ಆ ತಾರೀಖನ್ನು ಅವಳಿಗೆ ಹೇಳುವ ಕೆಲಸವೂ ನನ್ನದೇ. ಹೇಳಿದೆ. ಅವಳಿಗೆ ಮೊದಲು ಅರ್ಥವಾಗಲಿಲ್ಲ. ಈ ವರ್ಷದ್ದಾ ಅಂದಳು. ಮುಂದಿನ ವರ್ಷದ್ದು ಅಂದೆ. ಅವಳು ಎದ್ದು ನಿಂತು ನನ್ನ ಕಡೆ ತಿರುಗಿ ಮಾತಾಡಿದಳು. ಯಂತ್ರ ಇನ್ನೂ ತಿರುಗುತ್ತಿತ್ತು. ಯಂತ್ರ ತಿರುಗುತ್ತಿರುವಾಗ ಸಾಕ್ಷಿ ಆಡಿದ ಪ್ರತಿ ಮಾತೂ ಇಂಗ್ಲಿಷಿನಲ್ಲಿ ದಾಖಲಾಗಬೇಕು. ನಾನು ನೆಟ್ಟಗೆ ನಿಂತು, ಎದುರಿನ ಗೋಡೆ ನೋಡುತ್ತ, ಅವಳ ಒಂದೊಂದು ಮಾತನ್ನೂ ದಾಟಿಸಿದೆ.

“ನೀವು ಏನು ಮಾಡಿದಿರಿ?” ಅಂದೆ.

“ನನ್ನ ತಾಯಿಗೆ ಅಷ್ಟು ಕಾಲ ಇಲ್ಲ,” ಅಂದೆ.

“ಅವರಿಗೆ ಹೇಳಿ ಅಂದೆ. ನಿಲ್ಲಿಸಿ ಅನ್ನಲಿಲ್ಲ. ನಿಲ್ಲಿಸಲು ನೀವು ಯಾರು?” ಅಂದೆ.

ನನ್ನ ಧ್ವನಿ ನಡುಗಲಿಲ್ಲ. ಅಷ್ಟು ವರ್ಷದ ಅಭ್ಯಾಸ. ಎಳೆಯ ವಕೀಲ ತಲೆ ತಗ್ಗಿಸಿ ಕೂತಿದ್ದ. ಸರ್ಕಾರಿ ವಕೀಲ ಮಾತ್ರ, ಕಾರಿಡಾರಿನಲ್ಲಿ ಸಾಕ್ಷಿ ದುಭಾಷಿಯ ಹತ್ತಿರ ಮಾತಾಡಿದ್ದಾರೆ ಅನ್ನುವುದು ದಾಖಲಾಗಲಿ ಅಂದ. ‘ಅವರಿಗೆ ಹೇಳಿ ಅಂದೆ’ ಅನ್ನುವುದನ್ನು ದಾಟಿಸಿದಾಗ ಅದೂ ನನ್ನ ಬಾಯಿಂದಲೇ ಹೊರಬಂದಿತ್ತು. ಅದನ್ನೂ ಅವಳಿಗೆ ದಾಟಿಸಿದೆ.

ಡಲ್ಲಾಸಿಗೆ ವಾಪಸು ಬರುವಷ್ಟರಲ್ಲಿ ಏಜೆನ್ಸಿಗೆ ಸುದ್ದಿ ಮುಟ್ಟಿತ್ತು. ಮೇಲ್ವಿಚಾರಕ ಕೂಗಾಡಲಿಲ್ಲ. ಕೂಗಾಡಿದ್ದರೆ ಎರಡು ಮಾತು ನಾನೂ ಆಡುತ್ತಿದ್ದೆ. ನಿಮ್ಮ ಉದ್ದೇಶ ಒಳ್ಳೆಯದೇ, ಆದರೆ ನಮಗೆ ದುಭಾಷಿಗಳು ಬೇಕು, ಸಾಕ್ಷಿಗಳಲ್ಲ ಅಂದ. ಆಮೇಲೆ ಅಲ್ಲಿಂದ ಫೋನ್ ಬರುವುದು ನಿಂತಿತು. ಸಾಕ್ಷಿ ಮೈಮೇಲೆ ಬಿದ್ದು ಮಾತಾಡಿದರೆ ಕೂಡಲೇ ಕೋರ್ಟಿಗೆ ತಿಳಿಸಬೇಕು ಅನ್ನುವ ನಿಯಮವನ್ನು ನಾನು ಮುರಿದಿದ್ದೆನಂತೆ. ಊಟದ ಬಿಡುವಿನಲ್ಲಿ ಯಾರಿಗೆ ತಿಳಿಸಲಿ, ಕಸ ಗುಡಿಸುವವನಿಗಾ?

“ನಾನ್ ಹೇಳ್ಲಿಲ್ವಾ?” ಅಂದ ಗಂಡ. ಈ ಮಾತು ಕಂಡುಹಿಡಿದವನ ನಾಲಗೆ ಸೇದಿಹೋಗಲಿ. ಮಗಳಿಗೆ ಆಗ ಹದಿಮೂರು. ಎಲ್ಲ ಕೇಳಿಸಿಕೊಂಡು, “ಅಮ್ಮಾ, ಯು ಶುಡ್ ಹ್ಯಾವ್ ಜಸ್ಟ್ ಸೆಡ್ ಪೊಲೀಸ್,” ಅಂದಳು. ಪೊಲೀಸ್ ಅಂತಲೇ ಅಂದಿದ್ದೆ ಕಣೇ ಅಂದೆ.

ಸಾಕ್ಷಿ ಹೇಳುತ್ತೇನೆ ಅಂತ ಎದ್ದು ಬಂದ ಮೇಲೆ ಹೇಳಲೇಬೇಕಲ್ಲ. ಆಸ್ಟಿನ್‌ಗೆ ಹೋಗಿ ಎಳೆಯ ವಕೀಲನ ಕಚೇರಿಯಲ್ಲಿ ಕೂತು ಕಂಡದ್ದೆಲ್ಲ ಹೇಳಿದೆ. ಅವನು ಟೈಪ್ ಮಾಡಿಕೊಂಡ. ಅಮಲ್ದಾರ್ರ ವಿಚಾರವನ್ನೂ ಹೇಳಿದೆ. ಅದು ಬೇಡ, ನ್ಯಾಯಾಧೀಶರಿಗೆ ಗೊಂದಲವಾಗುತ್ತದೆ ಅಂದ. ಅವಳು ಹೇಗಿದ್ದಾಳೆ ಅಂತ ಕೇಳಿದೆ. ಕೆಲಸಕ್ಕೆ ಹೋಗುತ್ತಿದ್ದಾಳೆ ಅಂದ.

ಆ ಚಳಿಗಾಲದಲ್ಲಿ ಅವಳ ತಾಯಿ ತೀರಿಕೊಂಡಳು. ನನಗೆ ಗೊತ್ತಾದದ್ದು ವಸಂತದಲ್ಲಿ, ನನ್ನ ಹೇಳಿಕೆಗೆ ಇನ್ನೊಂದು ಸಹಿ ಬೇಕು ಅಂತ ವಕೀಲ ಫೋನ್ ಮಾಡಿದಾಗ. ಹುಡುಗಿಯನ್ನು ಅವಳಪ್ಪ ಬಂದು ಕರೆದುಕೊಂಡು ಹೋದನಂತೆ. ಇಷ್ಟು ವರ್ಷ ಎಲ್ಲಿ ಸತ್ತಿದ್ದನೋ, ಅಜ್ಜಿಯ ಮನೆ ಖಾಲಿಯಾದ ಕೂಡಲೇ ಅಪ್ಪನಾಗಿ ಬಂದ.

ಎರಡನೆಯ ವಿಚಾರಣೆಯ ದಿನ ಸೀರೆ ಉಟ್ಟುಕೊಂಡು ಹೋದೆ. ದುಭಾಷಿಯಾಗಿ ಯಾವತ್ತೂ ಕಪ್ಪು ಕೋಟೇ ಹಾಕುತ್ತಿದ್ದವಳು, ಇವತ್ತಾದರೂ ನಾನು ನಾನಾಗಿ ಕಾಣಲಿ ಅಂತ. ಸಾಕ್ಷಿಗಳು ತಮ್ಮ ಸರದಿ ಬರುವವರೆಗೆ ಹೊರಗಿರಬೇಕು. ಕಾರಿಡಾರಿನ ಬೆಂಚಿನಲ್ಲಿ ಕೂತೆ. ಅವಳು ಎದುರಿನಿಂದಲೇ ಒಳಗೆ ಹೋದಳು. ನನ್ನನ್ನು ನೋಡಿಯೂ ನೋಡದ ಹಾಗೆ.

ಒಳಗೆ ನಡೆದದ್ದನ್ನು ಆಮೇಲೆ ವಕೀಲ ಹೇಳಿದ. ಹಳೆಯ ಸರ್ಕಾರಿ ವಕೀಲನಿಗೆ ಬೇರೆ ಊರಿಗೆ ವರ್ಗವಾಗಿತ್ತು. ಹೊಸದಾಗಿ ಬಂದ ಹೆಂಗಸಿಗೆ ರಷ್ಯನ್ ಬರುತ್ತಿರಲಿಲ್ಲ. ದುಭಾಷಿ ಯಾವುದೋ ದೂರದ ಊರಿನಿಂದ ಫೋನಿನ ಮೇಲೆ ಮಾತಾಡಿದ. ಅವಳು ಮಿಲಿತ್ಸಿಯಾ ಅಂದಾಗಲೆಲ್ಲ ಅವನು ಪೊಲೀಸ್ ಅಂದ. ಯಾರೂ ತಲೆ ಎತ್ತಲಿಲ್ಲ. ನ್ಯಾಯಾಧೀಶರೇ ಹಳೆಯ ದಾಖಲೆ ತಿರುವಿ ಹಾಕಿ, ಪದದ ಬಗ್ಗೆ ಏನೋ ಗೊಂದಲವಾಗಿತ್ತಲ್ಲ ಅಂದರಂತೆ. ಅದನ್ನು ನಾವು ಎತ್ತುವುದಿಲ್ಲ ಅಂದಳಂತೆ ಹೊಸ ವಕೀಲೆ. ಬೆಂಚಿನಲ್ಲಿ ಕೂತವಳನ್ನು ಯಾರೂ ಕರೆಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬಾಗಿಲು ತೆರೆದು ವಕೀಲ ಬಂದ, “ಸಿಕ್ಕಿತು. ನೀವು ಹೊರಡಬಹುದು,” ಅಂದ.

ಸಿಕ್ಕಿತು. ಹೋದ ವರ್ಷವೇ ಸಿಗುತ್ತಿತ್ತೋ ಇಲ್ಲವೋ ಯಾವ ದೇವರಿಗೆ ಗೊತ್ತು. ಆ ಸರ್ಕಾರಿ ವಕೀಲ ಇದ್ದಿದ್ದರೆ ಸಿಗುತ್ತಿರಲಿಲ್ಲ ಅಂತ ನಾನು ಇವತ್ತಿಗೂ ಗಟ್ಟಿಯಾಗಿ ಹೇಳುತ್ತೇನೆ. ನಾನು ತಪ್ಪು ಮಾಡಿದೆ ಅಂತ ಯಾರಾದರೂ ಅಂದರೆ ಜಗಳಕ್ಕೇ ನಿಲ್ಲುತ್ತೇನೆ. ಆದರೆ ಯಾರ ಜೊತೆ ಜಗಳವಾಡಲಿ? ಹುಡುಗಿಯನ್ನು ಕರೆಸಿಕೊಳ್ಳಲು ಅವಳಪ್ಪ ಒಪ್ಪಬೇಕು. ಒಪ್ಪುವುದಿಲ್ಲ ಅಂದ. ಅಜ್ಜಿ ಇದ್ದಿದ್ದರೆ, ಅವನು ಎಲ್ಲೋ ಹಾಳಾಗಿ ಹೋಗಿದ್ದಾನೆ ಅಂತ ತೋರಿಸಿ ಹುಡುಗಿಯನ್ನು ವಿಮಾನ ಹತ್ತಿಸಬಹುದಿತ್ತಂತೆ. ಈಗ ಅವನು ಎಲ್ಲೂ ಹಾಳಾಗಿ ಹೋಗಿಲ್ಲ, ಹುಡುಗಿ ಅವನ ಮನೆಯಲ್ಲೇ ಇದ್ದಾಳೆ.

ಅದಾಗಿ ಕೆಲವು ತಿಂಗಳಿಗೆ ಅಕ್ಕನ ಮಗಳ ಮದುವೆಯ ನೆಪ ಸಿಕ್ಕಿತು. ಸೀರೆ ತರಲು ಹ್ಯೂಸ್ಟನ್‌ಗೆ ಹೋಗುತ್ತೇನೆ ಅಂದೆ. “ಯಾಕೆ, ಇಲ್ಲಿ ಸೀರೆ ಸಿಗಲ್ವಾ?” ಅಂದ ಗಂಡ. ಮೊಕದ್ದಮೆ ಮುಗಿದಿತ್ತು, ನಾನು ಯಾರ ದುಭಾಷಿಯೂ ಆಗಿರಲಿಲ್ಲ. ಹಿಲ್‌ಕ್ರಾಫ್ಟ್‌ನ ಸೀರೆ ಅಂಗಡಿಗಳನ್ನು ಒಂದೊಂದಾಗಿ ಹತ್ತಿ ಇಳಿದು, ಬ್ಲೌಸ್ ಹೊಲಿಸಬೇಕು, ಟೇಲರ್ ಯಾರು ಅಂತ ಕೇಳುತ್ತ ಹೋದೆ.

ಒಂದು ಅಂಗಡಿಯ ಯಜಮಾನಿ ಬೆಳಗಾವಿ ಕಡೆಯವರು. ನನ್ನ ಕನ್ನಡ ಕೇಳಿ ಮುಖ ಅರಳಿತು. “ಬರ್ರಿ ಬರ್ರಿ. ನಮ್ಮ ಟೇಲರ್ ಬಾಯಿ ರಷ್ಯಾ ಕಡೇದಾಕಿ ಅದಾಳ್ರಿ. ಆದ್ರ ಬ್ಲೌಸ್ ಹೊಲದ್ರ ನಮ್ಮೂರಿನ ಮಂದೀನೂ ನಾಚಬೇಕ್ರಿ, ಹಂಗ ಹೊಲೀತಾಳ. ಮಾತು ಭಾಳ ಕಮ್ಮಿ. ನಾನ ಒಂದೆಲ್ಡು ಕನ್ನಡ ಕಲಿಸೇನಿ, ಗಿರಾಕಿ ಜೋಡಿ ಬೇಕಲ್ರಿ,” ಅಂದರು. ಆಮೇಲೆ ದನಿ ತಗ್ಗಿಸಿ, “ಮಗಳು ಅಲ್ಲೇ ಅದಾಳಂತ್ರಿ. ಅಪ್ಪ ಕಳಸವಲ್ಲ. ಪಾಪ,” ಅಂದರು.

ಒಳಕೋಣೆಯಲ್ಲಿ ಅವಳು ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ನನ್ನನ್ನು ನೋಡಿ ಎದ್ದಳು. ಗುರುತು ಸಿಕ್ಕಿತು, ಅದು ಕಣ್ಣಿನಲ್ಲೇ ಕಂಡಿತು. ನಾನು ರಷ್ಯನ್‌ನಲ್ಲಿ ನಮಸ್ಕಾರ ಅಂದೆ. ಮಗಳ ವಿಚಾರ ಕೇಳಿದೆ ಅಂದೆ. ಎಷ್ಟೋ ದಿನದಿಂದ ಕಾರಿನಲ್ಲಿ ಒಬ್ಬಳೇ ಆಡಿಕೊಂಡಿದ್ದ ಮಾತುಗಳನ್ನು, ಅವಳ ಊರಿನ ಉಚ್ಚಾರಣೆಯಲ್ಲೇ, ನನ್ನ ಸ್ವಂತ ಬಾಯಿಂದ, ಸ್ವಂತ ‘ನಾನು’ವಿನಿಂದ ಆಡಿದೆ. ಆ ಬೋರ್ಡು ಬದಲಾದದ್ದನ್ನು ನಾನು ಕಣ್ಣಾರೆ ಕಂಡಿದ್ದೆ, ಅದಕ್ಕೇ ಎದ್ದೆ ಅಂದೆ.

ಅವಳು ಕೊರಳಿನಲ್ಲಿದ್ದ ಟೇಪನ್ನು ತೆಗೆದಳು. ನನ್ನ ಹಿಂದೆ ಬಂದು ಬೆನ್ನಿನ ಅಳತೆ ತೆಗೆದಳು, ತೋಳಿನದು ತೆಗೆದಳು, ಸೀಮೆಸುಣ್ಣದಲ್ಲಿ ಬಟ್ಟೆಯ ಚೂರಿನ ಮೇಲೆ ಬರೆದುಕೊಂಡಳು. ಎದೆಯ ಸುತ್ತ ಟೇಪು ಹಿಡಿದು, ನನ್ನ ಮುಖ ನೋಡದೆ, ಬೆಳಗಾವಿಯ ಕನ್ನಡದಲ್ಲಿ ಕೇಳಿದಳು.

“ಬಿಗಿ ಬೇಕೇನ್ರಿ, ಸಡಿಲ ಬೇಕೇನ್ರಿ?”

ನಾನು ಮತ್ತೆ ರಷ್ಯನ್‌ನಲ್ಲಿ ಅವಳ ಹೆಸರು ಹಿಡಿದು ಕರೆದೆ.

“ಬಿಗಿ ಬೇಕೇನ್ರಿ, ಸಡಿಲ ಬೇಕೇನ್ರಿ?” ಅಂದಳು.

ಸಡಿಲ ಇರಲಿ ಅಂದೆ.